ಮಗಳಿಗೆ ಹನ್ನೊಂದು, ಅವಳ ಖಾತೆಗೆ ಇಪ್ಪತ್ತೊಂದು

ಮೈಸೂರು–ಮಂಡ್ಯ ಪೋಷಕರ ಬಳಗದ ಭಾನುವಾರದ ಪ್ರಶ್ನೋತ್ತರ. ಉತ್ತರ ಕೊಟ್ಟವರು ಮೈಸೂರಿನ ಒಬ್ಬ ಮಕ್ಕಳ ಆಪ್ತಸಮಾಲೋಚಕಿ.

ಪ್ರಶ್ನೆ (ಮಂಡ್ಯದ ತಾಯಿ):
ಮೇಡಂ, ಹೆಸರು ಹಾಕುತ್ತಿಲ್ಲ, ಬೇಸರಿಸಬೇಡಿ. ಮಗಳು ಆರನೇ ತರಗತಿ, ಹನ್ನೊಂದು ವರ್ಷ. ಡ್ಯಾನ್ಸ್ ಎಂದರೆ ಪ್ರಾಣ. ಇನ್‌ಸ್ಟಾಗ್ರಾಂ ಬೇಕೆಂದು ಹಟ ಹಿಡಿದಾಗ ನಾನೇ ಹುಟ್ಟಿದ ವರ್ಷವನ್ನು ಹತ್ತು ವರ್ಷ ಹಿಂದಕ್ಕೆ ಹಾಕಿ ಖಾತೆ ತೆರೆದುಕೊಟ್ಟೆ. ಮೊನ್ನೆ ರಾತ್ರಿ ಮೆಸೇಜ್ ತೆರೆದು ನೋಡಿದರೆ ‘ಅಣ್ಣ’ ಎಂದು ಹೇಳಿಕೊಳ್ಳುವ ಒಬ್ಬನ ಜೊತೆ ಮೂರು ವಾರದ ಮಾತುಕತೆ. ಮೊದಲು ‘ಸೂಪರ್ ಪುಟ್ಟ’. ಆಮೇಲೆ ಅವಳು ಹಾಕಿದ ಡ್ಯಾನ್ಸ್ ವಿಡಿಯೋ ನೋಡಿ ‘ಹಿಂದೆ ಕಾಣುವುದು ವಿ.ಸಿ. ನಾಲೆಯಲ್ಲವೇ? ಹಾಗಾದರೆ ನಮ್ಮ ಕಡೆಯವಳೇ’ (ನಮ್ಮ ಮಂಡ್ಯದ ವಿಶ್ವೇಶ್ವರಯ್ಯ ನಾಲೆ). ಕೊನೆಗೆ ‘ವಾಟ್ಸ್‌ಆ್ಯಪ್ ನಂಬರ್ ಕೊಡು, ಒಬ್ಬಳೇ ಇರುವಾಗ ಫೋಟೋ ಕಳುಹಿಸು, ಅಮ್ಮನಿಗೆ ಹೇಳಬೇಡ’. ಅವಳು ನಂಬರನ್ನೂ ಕೊಟ್ಟಿಲ್ಲ, ಫೋಟೋವನ್ನೂ ಕಳುಹಿಸಿಲ್ಲ. ಸಿಟ್ಟಿನಲ್ಲಿ ಎರಡು ಏಟು ಕೊಟ್ಟು ಫೋನ್ ಕಿತ್ತುಕೊಂಡೆ. ಈಗ ನನ್ನ ಹತ್ತಿರ ಮಾತೇ ಆಡುತ್ತಿಲ್ಲ. ಪೊಲೀಸರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎನ್ನುತ್ತಾರೆ ಯಜಮಾನರು. ಎಲ್ಲ ಅಳಿಸಿ ಸುಮ್ಮನಾಗಲೇ?

ಉತ್ತರ:
ಅಳಿಸಬೇಡಿ. ಮೊದಲ ‘ಸೂಪರ್ ಪುಟ್ಟ’ದಿಂದ ಕೊನೆಯ ಸಾಲಿನವರೆಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ ಮತ್ತು ಅವನ ಬಳಕೆದಾರ ಹೆಸರು ಕಾಣುವಂತಿರಲಿ. ಆ ಹೆಸರನ್ನು ಅವನು ರಾತ್ರೋರಾತ್ರಿ ಬದಲಿಸಬಹುದು, ಆದ್ದರಿಂದ ಪ್ರೊಫೈಲ್ ಲಿಂಕನ್ನೂ ಬರೆದಿಟ್ಟುಕೊಳ್ಳಿ. ಅದಾದ ಮೇಲೆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ, ಕೊನೆಗೆ ಬ್ಲಾಕ್ ಮಾಡಿ.

ಯಜಮಾನರ ಅಂಜಿಕೆ ನನ್ನ ಮುಂದೆ ಕೂರುವ ಹತ್ತರಲ್ಲಿ ಎಂಟು ತಂದೆಯರಲ್ಲಿ ಇರುತ್ತದೆ. ಅವರಿಗೆ ಇಷ್ಟು ಹೇಳಿ: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲಿ, ಇಲ್ಲವೇ ಮಗುವಿಗೆ ಸರಿಯೆನಿಸಿದ ಕಡೆ ಪಡೆಯಬೇಕೆಂದಿದೆ. ಸಾಧ್ಯವಾದ ಮಟ್ಟಿಗೆ ಸಬ್‌ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಆಗ ಸಮವಸ್ತ್ರ ಧರಿಸಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಸರು, ಶಾಲೆ, ವಿಳಾಸವನ್ನು ಮಾಧ್ಯಮದವರು ಬಯಲು ಮಾಡುವಂತಿಲ್ಲ. ಲೈಂಗಿಕ ಉದ್ದೇಶದಿಂದ ಮಗುವನ್ನು ಮೊಬೈಲ್ ಮೂಲಕ ಪದೇ ಪದೇ ಸಂಪರ್ಕಿಸುವುದೂ ಇದೇ ಕಾಯ್ದೆಯಡಿ ಅಪರಾಧ. ‘ಫೋಟೋ ಕೈಗೆ ಸಿಕ್ಕಿಲ್ಲವಲ್ಲ’ ಎಂದು ಅವನು ನುಣುಚಿಕೊಳ್ಳಲಾಗದು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಬಹುದು, ಇಲ್ಲವೇ ಕೇಂದ್ರದ ಸೈಬರ್‌ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ದೂರು ಬರೆಯಬಹುದು. ಯಾರೊಡನೆ ಮಾತನಾಡಬೇಕೆಂದೇ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಇರುತ್ತದೆ.

ಇನ್ನು ಮಗಳು. ‘ಅಮ್ಮನಿಗೆ ಹೇಳಬೇಡ’ ಎಂದು ಅವನು ಕಲಿಸಿದ್ದ. ಎರಡು ಏಟು ಕೊಟ್ಟು, ಅವನು ಹೇಳಿದ್ದೇ ಸರಿ ಎಂದು ನೀವು ತೋರಿಸಿಕೊಟ್ಟಿರಿ. ಕಟುವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೂರು ವಾರ ಒಬ್ಬ ದೊಡ್ಡ ಮನುಷ್ಯ ಒತ್ತಾಯಿಸಿದರೂ ಹನ್ನೊಂದರ ಹುಡುಗಿ ಫೋಟೋ ಕೊಟ್ಟಿಲ್ಲ, ನಂಬರ್ ಕೊಟ್ಟಿಲ್ಲ. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳಿ. ಏಟು ಕೊಟ್ಟದ್ದು ತಪ್ಪು, ಸುಳ್ಳು ವರ್ಷ ಹಾಕಿದ್ದು ನಾನು ಎಂದೂ ಹೇಳಿ. ಎದುರು ಕೂರಿಸಿಕೊಂಡು ಬೇಡ. ಅವರೆಕಾಯಿ ಸುಲಿಯುತ್ತಲೋ ಜಡೆ ಹಾಕುತ್ತಲೋ ಹೇಳಿದರೆ ಮಕ್ಕಳಿಗೆ ಕೇಳಿಸಿಕೊಳ್ಳುವುದು ಸುಲಭ.

ಆ ಸುಳ್ಳು ವರ್ಷ ಏನು ಮಾಡಿತೆಂದು ಬಳಗದ ಎಲ್ಲರೂ ಓದಿ. ಇನ್‌ಸ್ಟಾಗ್ರಾಂಗೆ ಕನಿಷ್ಠ ವಯಸ್ಸು 13. ಅಲ್ಲಿಂದ 17ರವರೆಗಿನವರಿಗೆ 2025ರಿಂದ ಭಾರತದಲ್ಲೂ ಹದಿಹರೆಯದವರ ಖಾತೆ ಬಂದಿದೆ. ಅದು ತಾನಾಗಿಯೇ ಖಾಸಗಿ, ಪರಿಚಯವಿಲ್ಲದವರ ಮೆಸೇಜ್ ಒಳಗೆ ಬರುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸದ್ದಿಲ್ಲ. 16ರೊಳಗಿನವರು ಇದನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ನಿಮ್ಮ ಮಗಳಿಗೆ ಇದರಲ್ಲಿ ಒಂದೂ ದಕ್ಕಲಿಲ್ಲ. ಆ್ಯಪ್‌ನ ಲೆಕ್ಕದಲ್ಲಿ ಅವಳು ಇಪ್ಪತ್ತೊಂದರ ಹೆಣ್ಣುಮಗಳು, ಬಾಗಿಲು ತೆರೆದಿಟ್ಟುಕೊಂಡು ಕೂತವಳು. ಸಾಕ್ಷ್ಯ ತೆಗೆದಿಟ್ಟು, ದೂರು ಕೊಟ್ಟು, ಪೊಲೀಸರು ಸರಿ ಎಂದ ಮೇಲೆ ಆ ಖಾತೆ ಮುಚ್ಚಿ. ಅವಳ ವಿಡಿಯೋಗಳನ್ನು ಮೊದಲು ಇಳಿಸಿಕೊಡಿ, ಅವು ಅವಳ ದುಡಿಮೆ.

ಪ್ರತಿಕ್ರಿಯೆ (ಕುವೆಂಪುನಗರದ ತಂದೆ):
ಮೇಡಂ, ನಾನಾಗಿದ್ದರೆ ಮಗಳ ಹಾಗೆ ನಟಿಸಿ ಅವನನ್ನು ಬಸ್ ನಿಲ್ದಾಣಕ್ಕೆ ಕರೆಸಿ ನಾಲ್ಕು ಬಿಡುತ್ತಿದ್ದೆ.

ಉತ್ತರ:
ಸಾರ್, ಬೇಡ. ಬರುವವನು ಅವನೇ ಎಂದು ಹೇಗೆ ಗೊತ್ತು? ಅವನು ಎಚ್ಚೆತ್ತು ಎಲ್ಲ ಅಳಿಸಿದರೆ ಪೊಲೀಸರಿಗೂ ಕೈ ಬರಿದು. ನಾಲ್ಕು ಬಿಟ್ಟ ಮೇಲೆ ಠಾಣೆಯಲ್ಲಿ ನೀವೂ ಕೂರಬೇಕಾಗುತ್ತದೆ.

ಪ್ರಶ್ನೆ (ಹೆಸರು ಹಾಕದ ತಾಯಿ):
ಫೋಟೋ ಹೋಗಿಬಿಟ್ಟಿದ್ದರೆ? ಪರಿಚಿತರ ಮಗನಿಗೆ ಈಗ ಹಣ ಕೇಳುತ್ತಿದ್ದಾರೆ.

ಉತ್ತರ:
ಒಂದು ರೂಪಾಯಿಯನ್ನೂ ಕೊಡಬಾರದು. ಕೊಟ್ಟರೆ ನಾಳೆ ಮತ್ತೆ ಕೇಳುತ್ತಾರೆ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. 18ರೊಳಗಿನವರ ಚಿತ್ರಗಳಿಗೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ, ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ ನಡೆಸುತ್ತದೆ. ಅದು ಚಿತ್ರವನ್ನು ನಿಮ್ಮ ಫೋನಿನಲ್ಲೇ ಒಂದು ಗುರುತಿನ ಸಂಕೇತವಾಗಿ ಬದಲಿಸಿ, ಸಂಕೇತವನ್ನಷ್ಟೇ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳಿಗೆ ಕೊಡುತ್ತದೆ. ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ. ಆ ಹುಡುಗನನ್ನು ಇಂದು ರಾತ್ರಿ ಒಂಟಿಯಾಗಿ ಬಿಡಬೇಡಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ (ಸರಸ್ವತಿಪುರಂ):
ಏಳು ವರ್ಷದ ಮಗನಿಗೆ ಅಜ್ಜಿಯ ಫೋನಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಇಲ್ಲದೆ ಸಾರು-ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಡುವೆ ಏನೇನೋ ಬರುತ್ತದೆ.

ಉತ್ತರ:
ಬರದೆ ಏನು? ಯೂಟ್ಯೂಬ್‌ಗೆ ನೋಡುತ್ತಿರುವುದು ಅರವತ್ತೈದರ ಅಜ್ಜಿ. ಯೂಟ್ಯೂಬ್ ಕಿಡ್ಸ್ ಹಾಕಿ, ಹುಡುಕಾಟ ನಿಲ್ಲಿಸಿ, ನೀವು ಒಪ್ಪಿದ ಚಾನೆಲ್‌ಗಳು ಮಾತ್ರ ಬರುವ ಆಯ್ಕೆ ಇಡಿ. ಆದರೆ ಊಟದ ಹೊತ್ತಿಗೆ ಅದೂ ಬೇಡ. ನಾಲ್ಕು ದಿನ ರಂಪ ಮಾಡುತ್ತಾನೆ, ಹಸಿವಾದಾಗ ತಿನ್ನುತ್ತಾನೆ. ಅಜ್ಜಿಯನ್ನು ಒಪ್ಪಿಸುವುದೇ ಕಷ್ಟದ ಕೆಲಸ.

ಪ್ರಶ್ನೆ (ಶ್ರೀರಂಗಪಟ್ಟಣದ ತಾತ):
ತಾಯೀ, ಮೊಮ್ಮಗಳು ಶಾಲೆಯ ದಸರಾ ಕಾರ್ಯಕ್ರಮದಲ್ಲಿ ಹಾಡಿದ್ದನ್ನು ನಾನು ಹಾಕಿದ್ದೇನೆ. ತೆಗೆಯಬೇಕೇ?

ಉತ್ತರ:
ನೀವೇ ಒಮ್ಮೆ ನೋಡಿ ತಾತ. ಸಮವಸ್ತ್ರದ ಲಾಂಛನ, ಕೊರಳಿನ ಗುರುತಿನ ಚೀಟಿ, ಹಿಂದಿನ ಬ್ಯಾನರ್‌ನಲ್ಲಿ ಶಾಲೆಯ ಹೆಸರು ಕಾಣುತ್ತವೆಯೇ? ಕಂಡರೆ ತೆಗೆಯಿರಿ, ಮನೆಯವರ ಗುಂಪಿಗೆ ಕಳುಹಿಸಿ. ಮಂಡ್ಯದ ಆ ‘ಅಣ್ಣ’ನಿಗೆ ಒಂದು ನಾಲೆ ಸಾಕಾಯಿತು.

ಮತ್ತೆ ಮಂಡ್ಯದ ತಾಯಿ (ಬುಧವಾರ):
ಮೇಡಂ, ದೂರು ಕೊಟ್ಟೆವು, ಸಂಖ್ಯೆ ಬಂದಿದೆ. ಮಹಿಳಾ ಅಧಿಕಾರಿ ಚೂಡಿದಾರದಲ್ಲಿ ಮನೆಗೇ ಬಂದಿದ್ದರು. ನೆಂಟರೆಂದುಕೊಂಡು ಪಕ್ಕದ ಮನೆಯವರು ಕಾಫಿಗೆ ಹಾಲು ಬೇಕೇ ಎಂದು ಕೇಳಿದರು. ಮಗಳು ಜಡೆ ಹಾಕಿಸಿಕೊಳ್ಳುವಾಗ ಮಾತನಾಡಿದಳು. ನಾಲೆಯ ಕಡೆ ಬೆನ್ನು ಹಾಕಿ ಡ್ಯಾನ್ಸ್ ಮಾಡಬಾರದಿತ್ತು ಎಂದು ತಪ್ಪನ್ನೆಲ್ಲ ತನ್ನ ಮೇಲೇ ಹಾಕಿಕೊಂಡಳು. ಫೋನ್ ಠಾಣೆಗೆ ಬೇಕಂತೆ. ಬ್ಯಾಂಕಿನದೆಲ್ಲ ಅದರಲ್ಲೇ ಇದೆ, ಕೊಡಬೇಕೇ?

ಉತ್ತರ:
ಕೊಡಿ, ಮೂಲ ಸಂದೇಶ ಅದರಲ್ಲಿದೆ. ಕೊಡುವ ಮೊದಲು ಏನನ್ನೂ ಅಳಿಸಬೇಡಿ, ರೀಸೆಟ್ ಮಾಡಬೇಡಿ. ಪಡೆದುಕೊಂಡದ್ದಕ್ಕೆ ಬರಹದಲ್ಲಿ ರಸೀದಿ ಕೇಳಿ, ಬ್ಯಾಂಕ್ ಆ್ಯಪ್‌ಗೆ ಬೇರೆ ಫೋನ್ ನೋಂದಾಯಿಸಿಕೊಳ್ಳಿ. ಮಗಳನ್ನು ಶನಿವಾರ ಕರೆದುಕೊಂಡು ಬನ್ನಿ. ತಪ್ಪು ನಾಲೆಯದ್ದೂ ಅಲ್ಲ, ಅವಳದ್ದೂ ಅಲ್ಲ ಎಂದು ನಾನೂ ಒಂದು ಸಲ ಅವಳಿಗೆ ಹೇಳುತ್ತೇನೆ.