ಪಿನ್ ಸರಿಯಾಗಿ ಕೂರುತ್ತೆ, ತೂಕ ಮಾತ್ರ ಬರಲ್ಲ

ತಿಪಟೂರು ಮಂಡಿ
ನಮ್ಮದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ತಕ್ಕಡಿಯ ಇಂಡಿಕೇಟರ್ ಹಿಂದೆ 9 ತೂತಿನ ಕನೆಕ್ಟರ್ ಇದೆ. ಕಂಪ್ಯೂಟರಿಗೆ ಹಾಕಿದ ಯುಎಸ್‌ಬಿ ಕನ್ವರ್ಟರ್‌ನಲ್ಲಿ 9 ಕಡ್ಡಿ. ನೇರ ಕೇಬಲ್ ಹಾಕಿದೆ, ಎರಡೂ ಕಡೆ ಚೆನ್ನಾಗಿ ಕೂತಿತು. ಇಂಡಿಕೇಟರ್ 47.850 ಅಂತ ತೋರಿಸುತ್ತಿದೆ, ಕಂಪ್ಯೂಟರ್ ಪರದೆ ಖಾಲಿ. ಬಾಡ್ (ಡೇಟಾ ಹೋಗುವ ವೇಗ) ಎರಡೂ ಕಡೆ 9600 ಇಟ್ಟಿದ್ದೇನೆ. ಹುಡುಗ ಕೈಯಲ್ಲೇ ಚೀಟಿ ಬರೆಯುತ್ತಿದ್ದಾನೆ, ರೈತರು ಕಾಯುತ್ತಿದ್ದಾರೆ. ಇಷ್ಟು ಸಲೀಸಾಗಿ ಕೂತ ಮೇಲೂ ಯಾಕೆ ಹೀಗೆ?

ಕೋಲಾರದ ಹಳೇ ಟರ್ಮಿನಲ್
ಕೂತಿತು ಅಂದಮಾತ್ರಕ್ಕೆ ನಂಬಬೇಡಿ ಸಾರ್. ಆರ್‌ಎಸ್-232 ಅನ್ನೋ ಈ ಸೀರಿಯಲ್ ಜೋಡಣೆ ಹುಟ್ಟಿದ್ದು 1960ರಲ್ಲಿ, ಟರ್ಮಿನಲ್ಲಿಗೂ (ಕೀಬೋರ್ಡ್ ಇರುವ ಯಂತ್ರ) ಮೋಡೆಮ್ಮಿಗೂ (ಫೋನ್ ಲೈನಿಗೆ ಸೇರಿಸುವ ಪೆಟ್ಟಿಗೆ) ನಡುವೆ. ಟರ್ಮಿನಲ್ ಕಡೆಗೆ ಕಡ್ಡಿ, ಮೋಡೆಮ್ ಕಡೆಗೆ ತೂತು, ಅದೇ ರೂಢಿ. ತಂತಿಗಳ ಹೆಸರು ಕೂಡ ಟರ್ಮಿನಲ್ ಕಡೆಯಿಂದ ಇಟ್ಟಿದ್ದು. ಹಾಗಾಗಿ ಮೋಡೆಮ್‌ನಲ್ಲಿ 'ಟ್ರಾನ್ಸ್‌ಮಿಟ್' ಅಂತ ಇರುವ ಪಿನ್ ಕೇಳುವ ಪಿನ್!

ನಿಮ್ಮ ತಕ್ಕಡಿ ಟರ್ಮಿನಲ್ಲೂ ಅಲ್ಲ, ಮೋಡೆಮ್ಮೂ ಅಲ್ಲ. ತಯಾರಿಸಿದವರು ತೂತು ಇಟ್ಟು, ಒಳಗೆ ಟರ್ಮಿನಲ್ ಥರ ತಂತಿ ಹಾಕಿರಬಹುದು. ಇದನ್ನು ಎಷ್ಟೋ ಕಡೆ ನೋಡಿದ್ದೇನೆ.

ಊಹೆ ಬೇಡ, ಮಲ್ಟಿಮೀಟರ್ ಹಿಡಿಯಿರಿ. ಕೇಬಲ್ ಬಿಚ್ಚಿ, ಇಂಡಿಕೇಟರ್ ಆನ್ ಮಾಡಿ. ಡಿಸಿ 20 ವೋಲ್ಟ್. ಕಪ್ಪು ಕಡ್ಡಿ 5ನೇ ಪಿನ್ನಿಗೆ, ಕೆಂಪು 2ಕ್ಕೆ, ಆಮೇಲೆ 3ಕ್ಕೆ. ಸುಮ್ನೆ ಇರುವಾಗ ಮಾತಾಡುವ ಪಿನ್ನಿನಲ್ಲಿ ಮೈನಸ್ 5ರಿಂದ ಮೈನಸ್ 12ರವರೆಗೆ ಬರುತ್ತೆ. ಕೇಳುವ ಪಿನ್ನಿನಲ್ಲಿ ಸೊನ್ನೆಯ ಹತ್ತಿರ. ಕಂಪ್ಯೂಟರ್ ಮಾತಾಡುವುದು 3ರಲ್ಲಿ. ತಕ್ಕಡಿಯೂ 3ರಲ್ಲೇ ಮಾತಾಡಿದರೆ ಇಬ್ಬರೂ ಒಟ್ಟಿಗೆ ಹೇಳುತ್ತಿದ್ದಾರೆ, ಕೇಳುವವರೇ ಇಲ್ಲ. ಆಗ 2, 3 ಅದಲುಬದಲಾದ ಕ್ರಾಸ್ ಕೇಬಲ್ ಬೇಕು. ಮೈನಸ್ ಬದಲು ಪ್ಲಸ್ 3.3 ಅಥವಾ 5 ಬಂದರೆ ಬೇರೆ ಕಥೆ, ನಡುವೆ ವೋಲ್ಟೇಜ್ ಬದಲಿಸುವ ಚಿಪ್ ಬೇಕಾಗುತ್ತೆ, 5ಕ್ಕೆ ಮ್ಯಾಕ್ಸ್232, 3.3ಕ್ಕೆ ಮ್ಯಾಕ್ಸ್3232.

ಹಳೇ 25 ಪಿನ್ನಿನ ಪಟ್ಟಿ ನೋಡಿ 9ಕ್ಕೆ ಬೆಸುಗೆ ಹಾಕಬೇಡಿ. ಟರ್ಮಿನಲ್ ಕಡೆಯ 25ರಲ್ಲಿ 2 ಮಾತಾಡುತ್ತೆ, 3 ಕೇಳುತ್ತೆ, ಗ್ರೌಂಡ್ 7. 1984ರಲ್ಲಿ ಐಬಿಎಂ ಎಟಿ ಕಂಪ್ಯೂಟರ್ ತಂದ 9 ಪಿನ್ನಿನಲ್ಲಿ 2, 3 ತಿರುಗಿಬಿಟ್ಟವು, ಗ್ರೌಂಡ್ 5 ಆಯಿತು. ನನ್ನ ಒಂದಿಡೀ ದಿನ ಇದರಲ್ಲೇ ಹೋಗಿದೆ.

ಗೌರಿಬಿದನೂರು ವೈರ್
ಅಣ್ಣ ಹೇಳಿದ್ದು ಸರಿ. ಕನ್ವರ್ಟರ್ ಮೇಲೂ ಅನುಮಾನ ಇದ್ದರೆ, ಅದರ 2, 3ನೇ ಪಿನ್ನಿಗೆ ಒಂದು ತುಂಡು ತಂತಿ ಸೇರಿಸಿ, ಕಂಪ್ಯೂಟರಿನಲ್ಲಿ ಪುಟ್ಟಿ (PuTTY) ಅನ್ನೋ ಪ್ರೋಗ್ರಾಮ್ ತೆರೆದು ಏನಾದರೂ ಟೈಪ್ ಮಾಡಿ. ಒತ್ತಿದ ಅಕ್ಷರ ಪರದೆ ಮೇಲೆ ವಾಪಸ್ ಬಂದರೆ ಕನ್ವರ್ಟರ್ ಚೆನ್ನಾಗಿದೆ. ಅದರಲ್ಲಿ ಫ್ಲೋ ಕಂಟ್ರೋಲ್ (ಡೇಟಾ ತಡೆದು ಬಿಡುವ ಸೆಟ್ಟಿಂಗ್) 'None' ಇಡಿ.

ತಿಪಟೂರು ಮಂಡಿ
ನೋಡಿದೆ ಅಣ್ಣ. ತಕ್ಕಡಿಯ 3ರಲ್ಲಿ ಮೈನಸ್ 8.6, 2ರಲ್ಲಿ ಸೊನ್ನೆ. ಕನ್ವರ್ಟರಿನಲ್ಲೂ 3ರಲ್ಲೇ ಮೈನಸ್! ಕೇಬಲ್ಲಿನ ಒಂದು ತುದಿ ಬಿಚ್ಚಿ 2, 3 ಅದಲುಬದಲು ಮಾಡಿ ಬೆಸೆದೆ, 5 ಹಾಗೇ ಬಿಟ್ಟೆ. ಆನ್ ಮಾಡಿದ ತಕ್ಷಣ 47.850, 47.850 ಅಂತ ಸಾಲುಸಾಲಾಗಿ ಬಂತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆ ಕೇಬಲ್ಲಿಗೆ ಕೆಂಪು ಟೇಪ್ ಸುತ್ತಿ 'ಕ್ರಾಸ್' ಅಂತ ಬರೆದಿಟ್ಟಿದ್ದೇನೆ.