ಕಡಿಮೆ ಖರ್ಚಿಗೆ ಯಾವ ಎಂಜಿನ್ ಹಾಕಿಸಲಿ? ಹಾಕಿಸಿ ಓಡಿಸಿದವರು ಹೇಳಿ

ಸೆಕೆಂಡ್ ಗೇರ್: ನನ್ನದು ಹಗುರವಾದ ಎರಡು ಬಾಗಿಲಿನ ರಿಯರ್ ವೀಲ್ ಡ್ರೈವ್ ಕಾರು. ಹಳೇ ಎಂಜಿನ್ ಇಳಿಸಿ ಆಯ್ತು. ಓಡಿಸುವುದು ಟ್ರ್ಯಾಕ್‌ನಲ್ಲಿ ಮಾತ್ರ. 350 ಹಾರ್ಸ್‌ಪವರ್ ಸಾಕು, ಆದರೆ ಹೀಟ್ ಆಗಿ ಅರ್ಧಕ್ಕೆ ನಿಲ್ಲಬಾರದು. ಜಿಎಂನ 5.3 ಲೀಟರ್ ಟ್ರಕ್ ವಿ8, ಟೊಯೋಟಾದ ಆರು ಸಿಲಿಂಡರ್ 2ಜೆಝೆಡ್, ಹೋಂಡಾದ ನಾಲ್ಕು ಸಿಲಿಂಡರ್ ಕೆ24, ಈ ಮೂರರಲ್ಲಿ ಒಟ್ಟು ಲೆಕ್ಕದಲ್ಲಿ ಯಾವುದು ಅಗ್ಗ? ವೆಲ್ಡಿಂಗ್ ನಾನೇ ಮಾಡುತ್ತೇನೆ. ವೈರಿಂಗ್ ಮಾತ್ರ ಬರಲ್ಲ.

ಕಬ್ಬಿಣದ ಬ್ಲಾಕ್: ಕಣ್ಣು ಮುಚ್ಚಿಕೊಂಡು ಎಲ್‌ಎಂ7 ತಗೊಳ್ಳಿ, ಅಂದರೆ ಆ 5.3 ಟ್ರಕ್ ವಿ8ನ ಹಳೇ ಮಾದರಿ. ನಾನು ಅದನ್ನೇ ಹಾಕಿದ್ದು, ಇವತ್ತಿಗೂ ಓಡುತ್ತಿದೆ. ಕಂಪನಿಯಿಂದ ಬಂದಾಗಲೇ 270ರಿಂದ 295 ಹಾರ್ಸ್‌ಪವರ್. ಕ್ಯಾಮ್, ವಾಲ್ವ್ ಸ್ಪ್ರಿಂಗ್, ಒಳ್ಳೆ ಟ್ಯೂನ್, ಮುಗೀತು. ಆದರೆ "ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತೆ" ಎಂಬ ಮಾತು ನಂಬಿ ಕೂರಬೇಡಿ. ಎಂಜಿನ್‌ಗೆ ಒಂದು ಪಾಲು ಕೊಟ್ಟೆ, ಮಿಕ್ಕಿದ್ದಕ್ಕೆ ಐದು ಪಾಲು ಹೋಯಿತು. ಟ್ರಕ್ಕಿನ ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಆಳ, ಎಂಜಿನ್ ಕೆಳಗಿನ ಅಡ್ಡಪಟ್ಟಿಗೆ (ಕ್ರಾಸ್‌ಮೆಂಬರ್) ಬಡಿಯುತ್ತದೆ. ಸಂಪ್ ಬದಲಾದರೆ ಆಯಿಲ್ ಪಿಕಪ್ ಪೈಪೂ ಬದಲು, ಡಿಪ್‌ಸ್ಟಿಕ್ಕೂ ಬದಲು. ಇಂಟೇಕ್ ಮ್ಯಾನಿಫೋಲ್ಡ್ ಎತ್ತರ, ಬಾನೆಟ್ ಮುಚ್ಚಲ್ಲ. ಆಲ್ಟರ್ನೇಟರ್ ಮುಂದಕ್ಕೆ ಚಾಚಿಕೊಂಡು ರೇಡಿಯೇಟರ್‌ಗೆ ತಾಗುತ್ತದೆ, ಬ್ರಾಕೆಟ್, ಬೆಲ್ಟ್ ಎಲ್ಲ ಹೊಸದು. ಆಮೇಲೆ ಗೇರ್‌ಬಾಕ್ಸ್. ಅದೊಂದೇ ಎಂಜಿನ್‌ನ ಎರಡರಷ್ಟು ನುಂಗಿತು. ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿದ್ದು ಬೇರೆ.

ಮುಂದೆ ಟರ್ಬೋ ಹಾಕುವ ಆಸೆ ಇದ್ದರೆ ಪಿಸ್ಟನ್ ರಿಂಗ್‌ನ ಗ್ಯಾಪ್ ಈಗಲೇ ನೋಡಿಸಿ. ರಿಂಗನ್ನು ಬೋರ್‌ಗೆ (ಸಿಲಿಂಡರ್ ಒಳಗೆ) ಇಳಿಸಿ, ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ನೇರವಾಗಿ ತಳ್ಳಿ, ಎರಡು ತುದಿಗಳ ಸಂದಿಗೆ ಫೀಲರ್ ಗೇಜ್ ತೂರಿಸಬೇಕು. ಕಂಪನಿ ಬಿಟ್ಟಿರುವ ಸಂದಿ ಟರ್ಬೋ ಶಾಖಕ್ಕೆ ಸಾಲದು. ತುದಿಗಳು ಕಾದು ಒಂದಕ್ಕೊಂದು ಒತ್ತಿದರೆ ಪಿಸ್ಟನ್‌ನ ಅಂಚೇ ಮುರಿದು ಬರುತ್ತದೆ.

ಸಾಲಾಗಿ ಆರು: ಟ್ರಕ್ ಎಂಜಿನ್ ಟ್ರಕ್ಕಿನಲ್ಲೇ ಇರಲಿ ಬಿಡಿ. 2ಜೆಝೆಡ್ ಬ್ಲಾಕ್ ಒಮ್ಮೆ ಬಿಚ್ಚಿ ನೋಡಿದವನು ಬೇರೆ ಕಡೆ ತಿರುಗಲ್ಲ. 86ಕ್ಕೆ 86 ಮಿಲಿಮೀಟರ್ ಬೋರ್-ಸ್ಟ್ರೋಕ್, ಏಳು ಮೇನ್ ಬೇರಿಂಗ್. ಕಂಪನಿಯಿಂದಲೇ ಟರ್ಬೋ ಇರುವ ಜಿಟಿಇ ಬೆಲೆ ಆಕಾಶಕ್ಕೇರಿದೆ, ಅದು ನಿಜ. ಅದಕ್ಕೇ ನಾನು ಟರ್ಬೋ ಇಲ್ಲದ ಜಿಇ ತಂದು ಟರ್ಬೋ ಮಾಡಿಸಿದೆ. ಕಂಪ್ರೆಷನ್ 10:1 (ಜಿಟಿಇಯಲ್ಲಿ 8.5:1), ಟರ್ಬೋಗೆ ಇದು ಜಾಸ್ತಿ, ಇಳಿಸಲು ದಪ್ಪ ಹೆಡ್ ಗ್ಯಾಸ್ಕೆಟ್, ಅದರ ಜೊತೆ ಹೆಡ್ ಬಿಗಿಯುವ ಸ್ಟಡ್. ಮಾರಿದವನು "ಸ್ಟಾರ್ಟ್ ಮಾಡಿ ನೋಡಿದ್ದೇವೆ" ಅಂದಿದ್ದ. ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ನೋಡುವುದು) ಮಾಡಿಸಿದರೆ ಐದನೇ ಸಿಲಿಂಡರ್‌ನಲ್ಲಿ ಗಾಳಿ ಎಕ್ಸಾಸ್ಟ್ ಕಡೆಗೆ ಬುಸುಗುಟ್ಟುತ್ತಿತ್ತು. ಹೆಡ್ ಇಳಿಸಿ ವಾಲ್ವ್ ಕೆಲಸ. ಕ್ರ್ಯಾಂಕ್ ಪುಲ್ಲಿಯ ರಬ್ಬರ್ ಬಿಟ್ಟುಕೊಂಡಿತ್ತು, ಹೊಸ ಪುಲ್ಲಿ. ವಾಟರ್ ಪಂಪ್, ಟೈಮಿಂಗ್ ಬೆಲ್ಟ್, ಟೆನ್ಷನರ್, ಎಲ್ಲ ಸೀಲ್. ಟರ್ಬೋ ಕೊಳ್ಳುವ ಮೊದಲೇ ಎಂಜಿನ್‌ನ ದುಡ್ಡು ಎರಡನೇ ಸಲ ಖರ್ಚಾಗಿತ್ತು. ಆದರೂ ಆ ಸದ್ದಿಗೆ ಕೊಟ್ಟ ದುಡ್ಡು ಮೋಸ ಅಂತ ನಾನು ಹೇಳಲ್ಲ.

ಕಬ್ಬಿಣದ ಬ್ಲಾಕ್: ಅವರು ಕೇಳಿದ್ದು ಅಗ್ಗ ಯಾವುದು ಅಂತ. ಸದ್ದಿನ ಲೆಕ್ಕ ಯಾರಿಗೆ ಬೇಕು ಸ್ವಾಮಿ?

ಎಂಟು ಸಾವಿರ ಆರ್‌ಪಿಎಂ: ಇಬ್ಬರೂ ಸೇರಿ ಹಗುರ ಕಾರಿನ ಮೂತಿಗೆ ಕಬ್ಬಿಣ ಕಟ್ಟುತ್ತಿದ್ದೀರಿ. ನನ್ನದು ಕೆ24, ಮೇಲೆ ಅದರ ಸಣ್ಣ ತಮ್ಮ ಕೆ20ರ ಹೆಡ್. ಆಯಿಲ್ ಪಂಪ್ ಕೆ20ದು, ಬ್ಯಾಲೆನ್ಸ್ ಶಾಫ್ಟ್ ಔಟ್. ಕಾರು ತಿರುವಿನಲ್ಲಿ ಹೇಳಿದ ಹಾಗೆ ಕೇಳುತ್ತದೆ. ಖರ್ಚು? ಈ ಎಂಜಿನ್ ಹುಟ್ಟಿದ್ದು ಅಡ್ಡ ಕೂರುವುದಕ್ಕೆ. ರಿಯರ್ ವೀಲ್ ಡ್ರೈವ್ ಕಾರಿನಲ್ಲಿ ಉದ್ದಕ್ಕೆ ಕೂರಿಸಲು ಅಡಾಪ್ಟರ್ ಪ್ಲೇಟ್, ಫ್ಲೈವೀಲ್, ಸಂಪ್, ನೀರಿನ ಪೈಪ್. ಪ್ಲೇಟ್ ಮಾಡಿಕೊಟ್ಟವನು ಗೇರ್‌ಬಾಕ್ಸ್ ನೇರ ಕೂರಿಸುವ ಡವೆಲ್ ಪಿನ್ನಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಕೊರೆದಿದ್ದ. ಒಂದು ಕ್ಲಚ್, ಒಂದು ಇನ್‌ಪುಟ್ ಬೇರಿಂಗ್ ಹೋದವು. ಅವನು ಫೋನ್ ಎತ್ತಲೇ ಇಲ್ಲ.

ಸಾಲಾಗಿ ಆರು: ಕೆ24 ಸ್ಟ್ರೋಕ್ 99 ಮಿಲಿಮೀಟರ್. 8000ದಲ್ಲಿ ಪಿಸ್ಟನ್ ಸರಾಸರಿ ವೇಗ ಸೆಕೆಂಡಿಗೆ 26 ಮೀಟರ್ ದಾಟುತ್ತದೆ. ಹೆಸರು ಇಟ್ಟುಕೊಂಡಷ್ಟು ಸುಲಭ ಅಲ್ಲ ಗುರು.

ಎಂಟು ಸಾವಿರ ಆರ್‌ಪಿಎಂ: ಲೆಕ್ಕ ಸರಿ ಇದೆ, ನನ್ನ ಎಂಜಿನ್ನೂ ಸರಿ ಇದೆ. ನಿಮ್ಮದು ಎಷ್ಟು ತೂಗುತ್ತದೆ ಅದು ಹೇಳಿ. ಟರ್ಬೋ, ಮ್ಯಾನಿಫೋಲ್ಡ್, ಇಂಟರ್‌ಕೂಲರ್ ಎಲ್ಲ ಸೇರಿಸಿ.

ಕಬ್ಬಿಣದ ಬ್ಲಾಕ್: ಟರ್ಬೋ ಇಲ್ಲದ ಕೆ24 ಕಂಪನಿಯಿಂದ 200ರ ಆಸುಪಾಸು. 350 ಎಲ್ಲಿಂದ ತರುತ್ತೀರಿ? ಅದನ್ನು ಯಾಕೆ ಬರೆಯಲಿಲ್ಲ?

ಎಂಟು ಸಾವಿರ ಆರ್‌ಪಿಎಂ: 350 ನನಗೆ ಬೇಕಿಲ್ಲ. ನಾನು ಬ್ರೇಕ್ ಹಾಕುವುದನ್ನು ಕಲಿತಿದ್ದೇನೆ.

ರಾಕರ್: ನಿಸ್ಸಾನ್‌ನ ಎಸ್‌ಆರ್20 ಎಂಜಿನ್ ಹೆಸರು ಯಾರೂ ಎತ್ತಲಿಲ್ಲ. ಒಳ್ಳೇದೇ. ರೆವ್ ಲಿಮಿಟರ್‌ಗೆ (ಆರ್‌ಪಿಎಂ ಮಿತಿಗೆ) ಬಡಿದರೆ ವಾಲ್ವ್ ಒತ್ತುವ ರಾಕರ್ ಆರ್ಮ್ ಕಳಚಿ ಬೀಳಬಹುದು, ಸ್ಟಾಪರ್ ಹಾಕಲೇಬೇಕು. ಆ ಎಂಜಿನ್ ಇದ್ದ ಎಸ್15 ಕಾರು 2002ರಲ್ಲೇ ನಿಂತುಹೋಯಿತು. ಈಗ ಸಿಗುವ ಎಂಜಿನ್ ಎಲ್ಲ ಎಷ್ಟು ಕೈ ದಾಟಿದೆಯೋ. ನನ್ನ ಹತ್ತಿರ ಇರುವುದನ್ನು ನಾನಂತೂ ಮಾರಲ್ಲ.

ಸೆಕೆಂಡ್ ಗೇರ್: ವೈರಿಂಗ್ ಬಗ್ಗೆ ಯಾರಾದರೂ ಹೇಳ್ತೀರಾ, ಪ್ಲೀಸ್.

ಕಬ್ಬಿಣದ ಬ್ಲಾಕ್: ವಿ8 ಆದರೆ ಎಂಜಿನ್, ಇಸಿಯು (ಎಂಜಿನ್ ಕಂಪ್ಯೂಟರ್), ಹಾರ್ನೆಸ್ (ವೈರ್ ಕಟ್ಟು), ಪೆಡಲ್ ಎಲ್ಲ ಒಂದೇ ಗಾಡಿಯದು ಎತ್ತಿ. ಹಳೇ ತಲೆಮಾರಿನದರ ಕ್ರ್ಯಾಂಕ್‌ನಲ್ಲಿ 24 ಹಲ್ಲಿನ ರಿಲಕ್ಟರ್ (ಸೆನ್ಸರ್ ಓದುವ ಚಕ್ರ), ಆಮೇಲೆ ಬಂದದ್ದರಲ್ಲಿ 58. ಬೆರಕೆ ಆದರೆ ಸ್ಪಾರ್ಕೇ ಬರಲ್ಲ. ಆಮೇಲಿನದು ತಗೊಂಡರೆ ಪೆಟ್ರೋಲ್ ಉಳಿಸಲು ಕೆಲವು ಸಿಲಿಂಡರ್ ನಿಲ್ಲಿಸುವ ಲಿಫ್ಟರ್ (ವಾಲ್ವ್ ಎತ್ತುವ ಭಾಗ) ಇದೆಯಾ ನೋಡಿ, ಇದ್ದರೆ ತೆಗೆಸಿ. ಅವು ಕೈಕೊಟ್ಟು ಕ್ಯಾಮ್ ತಿಂದುಹಾಕುತ್ತವೆ.

ಸಾಲಾಗಿ ಆರು: ನೋಡಿ, ಲಿಫ್ಟರ್ ತೆಗೆಸಲು ಹೆಡ್ ಇಳಿಸಬೇಕು. ಈ ಖರ್ಚನ್ನು ನಿಮ್ಮ "ಐದು ಪಾಲಿ"ಗೆ ಸೇರಿಸಿದ್ದೀರಾ?

ಕಬ್ಬಿಣದ ಬ್ಲಾಕ್: ನನ್ನದು ಎಲ್‌ಎಂ7, ಅದರಲ್ಲಿ ಆ ಲಿಫ್ಟರೇ ಇಲ್ಲ. ಓದಿ ಬರೆಯಿರಿ.

ಎಂಟು ಸಾವಿರ ಆರ್‌ಪಿಎಂ: ತೂಕ ಇನ್ನೂ ಯಾರೂ ಹೇಳಿಲ್ಲ.