ಕಾಲಿನ ‘ನರ’ ಉಬ್ಬಿದವರಿಗೆ ಕೊಡುವ ಗುಳಿಗೆಗೆ ಕನ್ನಡದ ಹೆಸರು

ಮಾನ್ಯರೇ,

ಬಾಗಲಕೋಟೆ ಭಾಗದ ರೋಗಿಗಳಿಗಾಗಿ ‘ಕ್ರಾನಿಕ್ ವೀನಸ್ ಇನ್‌ಸಫಿಷಿಯೆನ್ಸಿ’ಯ ಗುಳಿಗೆಗಳ ಕುರಿತು ಒಂದು ತಿಳಿವಳಿಕೆ ಪತ್ರವನ್ನು ಸಿದ್ಧಪಡಿಸುತ್ತಿದ್ದೇನೆ. ಕಾಲಿನಿಂದ ಹೃದಯದತ್ತ ರಕ್ತವನ್ನು ಒಯ್ಯುವ ನಾಳಗಳ ಕವಾಟಗಳು ಸರಿಯಾಗಿ ಮುಚ್ಚದೆ, ರಕ್ತ ಕೆಳಕ್ಕೆ ಮರಳಿ ನಿಂತು, ಸಂಜೆಯ ಹೊತ್ತಿಗೆ ಕಾಲು ಭಾರವಾಗಿ ಬಾವು ಬರುವುದು, ವರ್ಷಗಳು ಕಳೆದಂತೆ ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ ಹುಣ್ಣಾಗುವುದು ಈ ಕಾಯಿಲೆಯ ಲಕ್ಷಣ.

ನಮ್ಮಲ್ಲಿ ಜನ ‘ಕಾಲಾಗಿನ ನರ ಉಬ್ಯಾವ’ ಎನ್ನುತ್ತಾರೆ. ಆದರೆ ‘ನರದ ಗುಳಿಗೆ’ ಎಂದು ಬರೆದರೆ ಅದನ್ನು ನರದೌರ್ಬಲ್ಯದ ವಿಟಮಿನ್ ಗುಳಿಗೆಯೆಂದು ತಿಳಿಯುವ ಸಂಭವವಿದೆ. ಶಾಲಾ ಪುಸ್ತಕದ ‘ಅಭಿಧಮನಿ’ ಖಚಿತವಾದ ಪದವೇ ಆದರೂ ಹೃದಯದಿಂದ ರಕ್ತವನ್ನು ಹೊರಗೊಯ್ಯುವ ‘ಅಪಧಮನಿ’ಯೊಡನೆ ಕಿವಿಯಲ್ಲಿ ಬೆರೆತುಹೋಗುತ್ತದೆ. ಹಾಗಾಗಿ ‘ಸಿರೆ’ಯನ್ನು ಆರಿಸಿಕೊಂಡಿದ್ದೇನೆ. ‘ಸಿರೆ ಕೊರತೆ’ ಎಂದರೆ ರಕ್ತವೇ ಕಡಿಮೆಯೆಂಬ ಅರ್ಥ ಬಂದೀತೆಂದು ‘ಸಿರೆಯಲ್ಲಿ ರಕ್ತ ನಿಲ್ಲುವ ಕಾಯಿಲೆ’ ಎಂದು ಬಿಡಿಸಿ ಬರೆದಿದ್ದೇನೆ.

ಇದಕ್ಕಿಂತ ಕಠಿಣವಾದದ್ದು ಔಷಧವರ್ಗದ ಹೆಸರು. ಡಯೋಸ್ಮಿನ್ 450 ಮತ್ತು ಹೆಸ್ಪೆರಿಡಿನ್ 50 ಮಿಲಿಗ್ರಾಂ ಸೇರಿದ ಗುಳಿಗೆ, ಕ್ಯಾಲ್ಸಿಯಂ ಡೋಬೆಸಿಲೇಟ್ ಮೊದಲಾದವುಗಳಿಗೆ ‘ಫ್ಲೆಬೋಟಾನಿಕ್’ ಎಂಬ ಹೆಸರಿದೆ. ಇದನ್ನು ‘ಸಿರೆ ಬಲವರ್ಧಕ’ ಎಂದು ಅನುವಾದಿಸುವುದನ್ನು ನಾನು ಒಪ್ಪಲಾರೆ, ಏಕೆಂದರೆ ಕೆಟ್ಟ ಕವಾಟವನ್ನು ಈ ಗುಳಿಗೆಗಳು ಸರಿಪಡಿಸುವುದಿಲ್ಲ. ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಇವು ಬಾವನ್ನು ಪ್ರಾಯಶಃ ಸ್ವಲ್ಪ ಇಳಿಸುತ್ತವೆ. ಜೀವನದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಹೊಟ್ಟೆಯ ತೊಂದರೆಯಂತಹ ಅಡ್ಡಪರಿಣಾಮಗಳು ಮದ್ದಿಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಿಗಿಂತ ಹೆಚ್ಚು. ದಿನವಿಡೀ ನಿಂತು ದುಡಿಯುವ ಹೋಟೆಲ್ ಕೆಲಸಗಾರನೊಬ್ಬ ‘ಬಲವರ್ಧಕ’ ಎಂಬ ಮಾತನ್ನು ನಂಬಿ, ವೈದ್ಯರು ಹೇಳಿದ ಬಿಗಿ ಕಾಲುಚೀಲವನ್ನು ಬದಿಗಿಟ್ಟರೆ ಹಾನಿ ಅವನಿಗೇ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಆ ಕಾಲುಚೀಲ ಎಷ್ಟು ಹಿಂಸೆಯೆಂಬುದನ್ನು ನೆನೆದರೆ, ಗುಳಿಗೆಯೊಂದೇ ಸಾಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಗೆ ಹೆಸರೇ ಇಂಬು ಕೊಡಬಾರದು.

ಗುಳಿಗೆ ಮಾಡುವ ಕೆಲಸವನ್ನಷ್ಟೇ ಹೇಳುವ ‘ಸಿರೆಬಾವಿನ ಗುಳಿಗೆ’ ಎಂಬ ಹೆಸರು ನನಗೆ ಹಿಡಿಸಿದೆ. ಹುಣ್ಣಾದವರಿಗೆ ಬಿಗಿಪಟ್ಟಿಯ ಜೊತೆ ಕೊಡುವ ಪೆಂಟಾಕ್ಸಿಫಿಲಿನ್ ಈ ಹೆಸರಿನಡಿ ಬರುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿಯೇ ಬರೆದಿದ್ದೇನೆ. ನನ್ನ ಪ್ರಶ್ನೆ ಇಷ್ಟು: ಬಾವು ಇರುವುದು ಕಾಲಿಗೆ, ಸಿರೆ ಅದಕ್ಕೆ ಕಾರಣ ಮಾತ್ರ, ಹಾಗಿರುವಾಗ ‘ಸಿರೆಬಾವು’ ಎಂದರೆ ಓದುಗರು ಸಿರೆಯೇ ಉರಿದು ಊದಿಕೊಂಡಿದೆ ಎಂದು, ಅಂದರೆ ‘ಫ್ಲೆಬೈಟಿಸ್’ ಎಂಬ ಬೇರೆಯದೇ ಕಾಯಿಲೆಯೆಂದು ತಿಳಿಯುವರೇ? ಹಾಗಾಗುವುದಾದರೆ ‘ಕಾಲುಬಾವಿನ ಗುಳಿಗೆ’ ಎನ್ನಬಹುದೇ, ಅಥವಾ ವಿಜಯಪುರ, ಬೆಳಗಾವಿ ಕಡೆಯ ಮಾತಿನಲ್ಲಿ ಇದಕ್ಕಿಂತ ಸರಿಯಾದ ಪದವಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.